ಗದ್ದಲದ ನೆವ

ಹೋದ ವರ್ಷ ಕಲಬುರ್ಗಿಯ ಲಾ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ ಸಾಯಬಣ್ಣ ಒಂದು ಮಾತು ಆಡಬಾರದಿತ್ತು, ಆಡಿಬಿಟ್ಟ. ಅಪ್ಪ ಪೀರಪ್ಪ ಅಂಗಳದಲ್ಲಿ ನಿಂತು, ಶಹಾಬಾದದ ಅರ್ಧ ಊರಿಗೆ ಕೇಳುವಂತೆ "ಯಾಕಲೇ, ಏನ್ ಧಾಡಿ ಬಡದಿತ್ತು ನಿನಗ?" ಅಂತ ಗದರಿದಾಗ, ಇವನು ನೆಲ ನೋಡುತ್ತ, "ಈ ಓಣಿ ಗದ್ದಲದಾಗ ಯಾವ ಮಗಾ ಓದ್ತಾನಪ್ಪಾ?" ಅಂದಿದ್ದ.

ಖರೇ ಹೇಳಬೇಕಂದರೆ ಅವನು ಓದುವ ದಿನಗಳನ್ನೆಲ್ಲ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಕಳೆದಿದ್ದ. ಮುಂದೆ ಚಿತ್ತಾಪುರದ ಕೋರ್ಟಿನಲ್ಲಿ ತಾನು ಕರೀ ಕೋಟು ಝಾಡಿಸಿ ಹೇಗೆ ವಾದ ಮಾಡುತ್ತೇನೆ ಅಂತ ಗೆಳೆಯರಿಗೆ ತೋರಿಸುವುದರಲ್ಲೇ ಅವನ ಓದು ಮುಗಿದಿತ್ತು. ಆದರೆ ಅಪ್ಪ ಆ ಗದ್ದಲದ ಮಾತು ನಂಬಿದ. ಅಪ್ಪ ಒಬ್ಬನೇ ನಂಬಿದ್ದರೆ ಹೇಗೋ ನಡೆಯುತ್ತಿತ್ತು, ಓಣಿಯೂ ನಂಬಿತು.

"ನಮ್ಮಿಂದ ಒಬ್ಬ ವಕೀಲ ತಪ್ಪಿದನಲ್ಲರೀ!" ಅಂತ ಎಲ್ಲರಿಗಿಂತ ಹೆಚ್ಚು ನೊಂದವರು ಎದುರು ಮನೆಯ ಗುರುಲಿಂಗಯ್ಯ. ಪೊಲೀಸ್ ಜಮಾದಾರರಾಗಿ ರಿಟೈರಾದವರು. ಸರಕಾರ ಅವರ ಲಾಠಿ ತಿರುಗಿ ತಗೊಂಡಿತ್ತೇ ಹೊರತು ಗತ್ತು ತಗೊಂಡಿರಲಿಲ್ಲ.

ಈ ಸಲ ಪೀರಪ್ಪ ಮೊದಲೇ ಹೇಳಿಬಿಟ್ಟಿದ್ದ: "ಇದು ಕಡೀ ಸಲ ನೋಡು. ಆಗಲಿಲ್ಲಂದ್ರ ನಾಳಿಂದ ಖಣಿಗಿ ನಡಿ, ಫರ್ಸಿ ಎತ್ತಲಿಕ್ಕ." ಕಲ್ಲಿನ ಖಣಿ ನೆನೆದರೇ ಸಾಯಬಣ್ಣನ ಸೊಂಟ ಈಗಲೇ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಈ ವರ್ಷ ಅವನು ನಿಜವಾಗಿಯೂ ಓದಿದ್ದ. ಅದೂ ಅದೇ ಗದ್ದಲದಲ್ಲಿ.

ಗದ್ದಲವೇ ಅವನಿಗೆ ಮೇಷ್ಟ್ರಾಗಿತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕ ಹಣಮಪ್ಪ ಕಟ್ಟೆಯ ಮೇಲೆ ಕೂತು, ಕೈಯಂದಾಜಿನಲ್ಲೇ ಫರ್ಸಿ ಕಲ್ಲಿನ ಅಂಚು ಕೆತ್ತುತ್ತಿದ್ದ. ಆ ಪೆಟ್ಟಿನ ಜೊತೆಗೇ ಸಾಯಬಣ್ಣ ಸಂವಿಧಾನ ಬಾಯಿಪಾಠ ಮಾಡಿದ್ದ: ಸಮಾನತೆಯ ಹಕ್ಕು, ಟಣ್! ಸ್ವಾತಂತ್ರ್ಯದ ಹಕ್ಕು, ಟಣ್! ಇನ್ನು ಕಳವಿಗೂ ಸುಲಿಗೆಗೂ ಏನು ಫರಕು ಅನ್ನುವುದನ್ನು ನಳದ ಕಟ್ಟೆಯ ಜಗಳವೇ ಕಲಿಸಿತ್ತು. "ನನ್ನ ಕೊಡ ಕದ್ದು ಒಯ್ದೀ!" ಅಂತ ಸೂಗಮ್ಮ ಒದರಿದರೆ, "ಕದ್ದು ಯಾಕ್ ಒಯ್ಲೆವ್ವಾ? ನಿನ್ನ ಕೈ ತಿರುವಿ, ಕಣ್ಣೆದುರಿಗೇ ಕಸ್ಕೊಂಡು ಒಯ್ದೀನಿ!" ಅಂತ ಚಾಂದಬೀ ತಿರುಗಿ ಒದರುತ್ತಿದ್ದಳು. ಸೂಗಮ್ಮ ಹೇಳಿದ್ದು ಕಳವು, ಚಾಂದಬೀ ಒಪ್ಪಿಕೊಂಡದ್ದು ಸುಲಿಗೆ. ಯಾವ ಪ್ರೊಫೆಸರನೂ ಇಷ್ಟು ಚೊಕ್ಕ ಹೇಳುತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ, ಹನ್ನೊಂದೂವರೆಗೆ ಕಲಬುರ್ಗಿಗೆ ಪ್ಯಾಸೆಂಜರ್ ಗಾಡಿ. ಬೆಳಿಗ್ಗೆ ಕೂತು ಕಡೆಯ ಸಲ ಎಲ್ಲ ತಿರುವಿ ಹಾಕೋಣ ಅಂತ ಸಾಯಬಣ್ಣ ಪುಸ್ತಕ ತೆಗೆದ. "ಸಮಾನತೆಯ ಹಕ್ಕು..." ಅಂದು ಕಿವಿ ನಿಗುರಿಸಿದ. ಟಣ್ ಇಲ್ಲ. ಮತ್ತೊಮ್ಮೆ ಅಂದ. ಇಲ್ಲ. ಮುಂದಿನ ಹಕ್ಕು ನಾಲಿಗೆಯ ತುದಿಗೆ ಬಂದು, ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಅಲ್ಲೇ ತಡವರಿಸಿ ಹಿಂದೆ ಹೋಯಿತು.

ಕಿಟಕಿಯಿಂದ ಹಣಕಿದ. ಕಟ್ಟೆಯ ಮೇಲೆ ಹಣಮಪ್ಪ ಇದ್ದ, ಆದರೆ ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಒಂದು ಬಡಿಗೆ ಇತ್ತು. ಜೀವಮಾನವೆಲ್ಲ ಕಲ್ಲಿನ ಪುಡಿ ಕುಡಿದ ಅವನ ಕಣ್ಣು ಮಬ್ಬಾಗಿತ್ತು. ಮುಂದೆ ಹೋದದ್ದು ಎಮ್ಮೆಯೋ ಅಳಿಯನೋ ಅನ್ನುವುದು ತಿಳಿಯುತ್ತಿರಲಿಲ್ಲ. ಅಂಥವನ ಕಿವಿಯಲ್ಲಿ ಗುರುಲಿಂಗಯ್ಯನವರು ಪಿಸುಗುಡುತ್ತಿದ್ದರು.

"ಹಣಮಪ್ಪಾ, ಯಾವನೇ ಇರ್ಲಿ, ಬಾಯಿ ತೆಗೆದ್ರ ಮೊದ್ಲು ಬಡಿ. ಆಮ್ಯಾಲ ಹೆಸರು ಕೇಳು."

"ಆಗ್ಲಿರೀ ಜಮಾದಾರ."

ಸಾಯಬಣ್ಣ ಹೊರಗೆ ಬಂದು, "ಕಾಕಾ, ಏನಿದು? ಓಣಿ ಯಾಕ್ ಹಿಂಗ್ ಗಪ್ಪಾಗ್ಯದ?" ಅಂದ.

ಗುರುಲಿಂಗಯ್ಯ ತುಟಿಯ ಮೇಲೆ ಬೆರಳಿಟ್ಟು ಹೆಮ್ಮೆಯಿಂದ ನಕ್ಕರು. "ಹೋದ ಸಲ ಓಣಿ ಹೆಸರು ಕೆಟ್ಟದ ತಮ್ಮಾ. ಈ ಸಲ ಬಂದೋಬಸ್ತ್ ಮಾಡೀನಿ. ಫರ್ಸಿ ಲಾರಿ ಬರಬಾರದಂತ ಓಣಿ ಬಾಯಿಗಿ ಕಲ್ಲು ಇಡಿಸೀನಿ. ಸಿಮೆಂಟ್ ಕಾರ್ಖಾನಿಗೂ ಹೋಗಿದ್ದೆ, ಇವತ್ತೊಂದಿನ ಭೋಂಗಾ ಊದಬ್ಯಾಡ್ರಿ ಅಂತ ಕೇಳ್ಲಿಕ್ಕ. ಗೇಟಿನಾಗಿನ ವಾಚಮನ್ ನನ್ನ ಮಾರಿ ನೋಡಿ ನಕ್ಕ, ಖೋಡಿ! ಇರ್ಲಿ. ನೀ ಹೋಗು, ಓದು."

"ಕಾಕಾ, ಸ್ವಲ್ಪ ಸಪ್ಪಳಿದ್ರ ನನಗೇನೂ..."

"ನಿನ್ನ ಸಂಕೋಚ ನನಗ ಗೊತ್ತದ. ಹೋಗು ಅಂದೆ!"

ಗದ್ದಲದಿಂದ ಫೇಲಾದೆ ಅಂದವನು ಈಗ ಗದ್ದಲ ಬೇಕು ಅಂತ ಯಾವ ಬಾಯಿಂದ ಕೇಳಬೇಕು? ಸಾಯಬಣ್ಣ ಕಳ್ಳನಂತೆ ಹಿತ್ತಿಲ ಬಾಗಿಲಿಂದ ನಳದ ಕಟ್ಟೆಗೆ ಹೋದ. ನೀರಿನ ಸಪ್ಪಳ ಆಗಬಾರದೆಂದು ನಳದ ಬಾಯಿಗೆ ಒಂದು ಅರಿವೆ ಕಟ್ಟಿ ಕೊಡದೊಳಗೆ ಇಳಿಬಿಟ್ಟಿದ್ದರು. ಚಾಂದಬೀ, ಸೂಗಮ್ಮ ಎದುರುಬದುರು ನಿಂತು ಜಗಳ ಆಡುತ್ತಲೇ ಇದ್ದರು, ಬರೀ ಕೈಸನ್ನೆಯಲ್ಲಿ. ಸೂಗಮ್ಮ ಕೈ ಮುರಿದಂತೆ ಮಾಡಿ ಲಟಿಕೆ ತೆಗೆದರೆ, ಚಾಂದಬೀ ಗಾಳಿಯಲ್ಲಿ ಒಂದು ಜಡೆ ಹಿಡಿದು ಜಗ್ಗಿ ತೋರಿಸುತ್ತಿದ್ದಳು.

"ಖಾಲಾ," ಸಾಯಬಣ್ಣ ಕೈ ಮುಗಿದ, "ನಿನ್ ಕಾಲು ಬೀಳ್ತೀನಿ, ಒಂದೀಟು ಬಾಯಿಬಿಟ್ಟು ಜಗಳಾಡ್ರಿ."

ಚಾಂದಬೀಯ ಕಣ್ಣಲ್ಲಿ ನೀರು ಬಂತು. "ಯಾ ಅಲ್ಲಾ! ಎಷ್ಟು ಒಳ್ಳೇ ಮನಸು ನಿಂದು! ನಮಗ ಗಪ್ ಇರೋದು ತ್ರಾಸ್ ಆಗ್ಲಿಕತ್ತದಂತ ಹಿಂಗಂತಿ. ಬ್ಯಾಡ ಬೇಟಾ. ನೀ ವಕೀಲಾಗು. ಈ ಸೂಗಮ್ಮನ ಮ್ಯಾಲ ಮೊದಲನೇ ಕೇಸ್ ನಂದೇ ಹಾಕು."

"ನಂದು ಮೊದ್ಲು!" ಅಂತ ಸೂಗಮ್ಮ ಪಿಸುಗುಟ್ಟಿ, ತಾನೇ ಬಾಯಿ ಮುಚ್ಚಿಕೊಂಡಳು.

ಸಾಯಬಣ್ಣ ಮನೆಗೆ ಬಂದು ಬಿದ್ದ. ಈಗ ಕಳವು ಯಾವುದು, ಸುಲಿಗೆ ಯಾವುದು ಅನ್ನುವುದೂ ಕಲಸಿಹೋಗಿತ್ತು. ತಾನೇ ಒಂದು ತಂಬಿಗೆ ತಗೊಂಡು ಚಮಚದಿಂದ ಟಣ್ ಅನ್ನಿಸಿ ನೋಡಿದ. ಅವ್ವ ಭೀಮಬಾಯಿ ಓಡಿಬಂದು ತಂಬಿಗೆ ಕಸಿದುಕೊಂಡಳು.

"ಸಪ್ಪಳ ಮಾಡಬ್ಯಾಡೋ, ಓದ್ಲಿಕ್ಕ ತೊಂದ್ರಿ ಆಗ್ತದ!"

"ಓದೋನು ನಾನೇ ಅಲ್ಲೇನವ್ವಾ?"

"ಅದಕ್ಕೇ ಹೇಳ್ಲಿಕತ್ತೀನಿ!"

ಮತ್ತೆ ಪುಸ್ತಕ ತೆರೆದ. ಖಣಿಯ ಬಿಸಿಲು, ಕೆಲಸ ಮಾಡಿಸುವ ಮುಕಾದಮನ ಬೈಗುಳ, ಬೆನ್ನಿನ ಮೇಲೆ ಫರ್ಸಿ, ಎಲ್ಲ ಕಣ್ಣಿಗೆ ಕಟ್ಟಿತು. ಗೋಡೆಯ ಗಡಿಯಾರ ನೋಡಿದ: ಹತ್ತಕ್ಕೆ ಹತ್ತು ಕಮ್ಮಿ. ಇರಲಿ, ಇನ್ನೂ ವೇಳೆ ಇದೆ. ಟಾಂಗಾದ ಮೌಲಾಲಿ ಚಾಚಾ ದಿನಾ ಗಾಡಿಯ ವೇಳೆಗೆ ಕುದುರೆಯ ಗೆಜ್ಜೆ ಝಣಝಣ ಅನ್ನಿಸುತ್ತ, "ಟೇಸನ್! ಟೇಸನ್!" ಅಂತ ಒದರುತ್ತ ಬರುತ್ತಿದ್ದ. ಓಣಿಯವರು ಆ ಕೂಗು ಕೇಳಿಯೇ ಚಪ್ಪಲಿ ಮೆಟ್ಟುವುದು. ಅವನು ಬರುವ ತನಕ ಓದೋಣ ಅಂತ ಸಾಯಬಣ್ಣ ಕಿವಿಯಲ್ಲಿ ಬೆರಳಿಟ್ಟ, ತೆಗೆದ. ಎರಡಕ್ಕೂ ಏನೂ ಫರಕಿರಲಿಲ್ಲ. ಅದೇ ಸಾಲನ್ನು ಓದಿದ, ಮರೆತ, ಮತ್ತೆ ಓದಿದ.

ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಒಮ್ಮೆಲೇ ಊರೇ ನಡುಗುವಂತೆ "ಭೋಂ..." ಅಂತ ಸಿಮೆಂಟ್ ಕಾರ್ಖಾನೆಯ ಭೋಂಗಾ ಊದಿತು.

ಏನು ಹೇಳಲಿ! ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಸಾಯಬಣ್ಣನ ತಲೆಯ ಬಾಗಿಲು ಫಡಾರನೆ ತೆರೆಯಿತು. ಸಮಾನತೆ, ಸ್ವಾತಂತ್ರ್ಯ, ಶೋಷಣೆಯ ವಿರುದ್ಧ ಹಕ್ಕು, ಎಲ್ಲ ಸಾಲಾಗಿ ಬಂದು ಸಲಾಮು ಹೊಡೆದವು. ಕಳವು ಈ ಕಡೆ, ಸುಲಿಗೆ ಆ ಕಡೆ ನಿಂತವು. "ಬಂತು! ಎಲ್ಲಾ ಬಂತು!" ಅಂತ ಅವನು ಕುಣಿಯುವಷ್ಟರಲ್ಲಿ ಇನ್ನೊಂದು ವಿಚಾರ ಬಂತು. ಈ ಭೋಂಗಾ ಊದುವುದು ಮಧ್ಯಾಹ್ನ ಹನ್ನೆರಡಕ್ಕೆ.

ಗಡಿಯಾರ ಈಗಲೂ ಹತ್ತಕ್ಕೆ ಹತ್ತು ಕಮ್ಮಿ ತೋರಿಸುತ್ತಿತ್ತು.

"ಅವ್ವಾ! ಗಡಿಯಾರ?"

"ಟಿಕ್ ಟಿಕ್ ಅಂತ ಜೀವ ತಿನ್ಲಿಕತ್ತಿತ್ತಪ್ಪಾ," ಅಂದಳು ಭೀಮಬಾಯಿ ಪ್ರೀತಿಯಿಂದ. "ಮುಂಜಾನೆನೇ ನಿಲ್ಲಿಸೀನಿ."

ಸಾಯಬಣ್ಣ ಬರಿಗಾಲಲ್ಲಿ ಹೊರಗೆ ಓಡಿದ. ಓಣಿಯ ಬಾಯಲ್ಲಿಟ್ಟ ಕಲ್ಲುಗಳ ಆಚೆ ಮೌಲಾಲಿಯ ಖಾಲಿ ಟಾಂಗಾ ಸ್ಟೇಷನ್ನಿನಿಂದ ತಿರುಗಿ ಬಂದು ನಿಂತಿತ್ತು. ಗೆಜ್ಜೆಗಳಿಗೆಲ್ಲ ಹಳೇ ಲುಂಗಿಯ ಚಿಂದಿ ಸುತ್ತಿತ್ತು; ಕುದುರೆಯ ಗೊರಸಿಗೂ ಗೋಣಿತಟ್ಟು ಕಟ್ಟಿತ್ತು.

"ಚಾಚಾ, ಗಾಡಿ?"

"ಹೋತಲ್ಲ ಬೇಟಾ," ಮೌಲಾಲಿ ಪಿಸುಗುಟ್ಟಿದ. "ನಿನ್ನ ಸಲುವಾಗಿ ಇಲ್ಲೇ ಭಾಳ ಹೊತ್ತು ನಿಂತಿದ್ದೆ. ಕರೀತೀನಿ ಅಂದ್ರ ಜಮಾದಾರ್ ಸಾಬ್ ಕರೀಗೊಡಲಿಲ್ಲ. ಓದೋ ಹುಡುಗಗ ವೇಳೆ ಗೊತ್ತಿರ್ತದ, ನೀ ಗಪ್ ನಡಿ ಅಂದ್ರು."

ಮುಂದಿನ ಗಾಡಿ ಸಂಜೆಗೆ, ಬಸ್ಸು ಮೂರಕ್ಕೆ. ಫರ್ಸಿ ಲಾರಿ ಹತ್ತಿ ಹೋಗೋಣವೆಂದರೆ ಈ ಓಣಿಗೆ ಇವತ್ತು ಲಾರಿಯೇ ಇಲ್ಲ. ಸಾಯಬಣ್ಣ ತಲೆಯ ಮೇಲೆ ಎರಡೂ ಕೈ ಹೊತ್ತು, ವರ್ಷವಿಡೀ ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಸೇರಿಸಿ, "ಅಯ್ಯಯ್ಯೋ, ಸತ್ತೆನೋ!" ಅಂತ ಕಿರುಚಿದ. ಆ ದಿನ ಓಣಿಯಲ್ಲಿ ಎದ್ದ ಮೊದಲ ಸಪ್ಪಳ ಅದು.

ಫಟ್ ಅಂತ ಬೆನ್ನಿನ ಮೇಲೆ ಬಡಿಗೆ ಬಿತ್ತು. ಹಿಂದಿನಿಂದ ಒಂದು ಒರಟು ಕೈ ಕತ್ತಿನ ಪಟ್ಟಿ ಹಿಡಿಯಿತು. ಹಣಮಪ್ಪ ತನ್ನ ಮಬ್ಬುಗಣ್ಣು ಕಿರಿದು ಮಾಡಿ, ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದ:

"ಶ್! ಯಾವನಲೇ ನೀ? ಒಳಗ ನಮ್ಮ ಸಾಯಬಣ್ಣ ಓದ್ಲಿಕತ್ತಾನ!"