ಕೂತಲ್ಲಿ ಕೂರದ ಮಗಳು

ನಗುವಂಥ ಸಂಗತಿಗಳು ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ಆಗುತ್ತವೆ. ಆಗುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ರಾಯಚೂರಿನ ಗಡಿಯಾಚೆ ಮಕ್ತಲ್ ಹತ್ತಿರದ ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರು. ಊರ ಮಕ್ಕಳನ್ನೆಲ್ಲ ಕೂರಿಸುವವಳಿಗೆ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕೂರಿಸಲಾಗಲಿಲ್ಲ.

೧. ಕುರಿ ಎಣಿಕೆ

ತೆಲಂಗಾಣ ರಾಜ್ಯವಾದ ವರ್ಷ ಮಗಳಿಗೆ ಹದಿನಾಲ್ಕು. ಸಂಜೆ ಹಟ್ಟಿಗೆ ನುಗ್ಗುವ ಕುರಿಗಳನ್ನು ಬಾಗಿಲಲ್ಲಿ ನಿಂತು ಎಣಿಸುವುದು ಅವಳ ಕೆಲಸ. ಒಂದಿನ ಇಪ್ಪತ್ತರವರೆಗೆ ಎಣಿಸಿ, ಕುಂಟುವ ಮರಿ ಕಂಡು ಅದರ ಕಾಲಿನ ಮುಳ್ಳು ತೆಗೆದಳು. ಆಮೇಲೆ ಅದಕ್ಕೆ ನೀರು ತರಲು ಹೋದಳು. ಬಾಗಿಲು ತೆರೆದೇ ಇತ್ತು, ಕುರಿಗಳೆಲ್ಲ ಹೊರಬಿದ್ದವು.

"ಎಷ್ಟು ಅದಾವವ್ವಾ?" ಅವಳ ಅಪ್ಪ, ನಮ್ಮ ಮನೆಯವರು, ಕೂಗಿದರು.

"ಇಪ್ಪತ್ತು ಎಣಿಸೀನಿ. ಉಳಿದವು ಊರಾಗ ಅದಾವ, ಅಲ್ಲೇ ಎಣಿಸ್ಕೋ!"

೨. ಬೀರಪ್ಪನ ಗುಡಿ

ಒಂಬತ್ತನೇ ತರಗತಿಯಲ್ಲಿ ಲೆಕ್ಕದ ಹಾಳೆ ಅರ್ಧ ಖಾಲಿ ಬಿಟ್ಟು ಬಂದಳು. "ಶಾಲಿ ಸಾಕು, ಗಂಡು ನೋಡೋಣು" ಅಂದರು ಮನೆಯವರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತನೇ ತರಗತಿ ಪಾಸಾದವಳು ನಾನು. ಅವಳಿಗೂ ಅದೇ ಗತಿ ಬರುವುದು ನನಗೆ ಬೇಡವಾಗಿತ್ತು.

ಅವಳ ಮನಸ್ಸು ನಿಲ್ಲಲೆಂದು ಅತ್ತೆ ಅವಳನ್ನು ನಮ್ಮ ಮನೆದೇವರು ಬೀರಪ್ಪನ ಗುಡಿಗೆ ಕರೆದೊಯ್ದರು. ಪೂಜಾರಿ ಹಣೆಗೆ ಭಂಡಾರ ಹಚ್ಚಿ, "ಕಣ್ಣು ಮುಚ್ಚಿ ಸುಮ್ನ ಕೂಡವ್ವಾ" ಎಂದರು. ಅವರು ಪ್ರಾರ್ಥನೆ ಮುಗಿಸಿ ಕಣ್ಣು ತೆರೆಯುವಷ್ಟರಲ್ಲಿ ಇವಳು ಹೊರಗೆ ತಾಳ ತಪ್ಪಿ ಡೊಳ್ಳು ಬಾರಿಸುತ್ತಿದ್ದಳು.

"ಬೀರಪ್ಪ ಮೈಮ್ಯಾಲ ಬಂದಾನ!" ಅತ್ತೆ ಕೈ ಮುಗಿದರು.

"ಬೀರಪ್ಪಗ ಡೊಳ್ಳು ಬಾರಿಸಾಕ ಬರ್ತೈತಿ ಯವ್ವಾ. ಈಕಿನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ" ಎಂದರು ಪೂಜಾರಿ.

೩. ರಾಯಚೂರಿನ ದವಾಖಾನೆ

"ಹುಡುಗಿ ದಡ್ಡಿ ಅಲ್ಲ, ಸೊಕ್ಕಿನಾಕೀನೂ ಅಲ್ಲ. ಇದಕ್ಕ ಎಡಿಎಚ್‌ಡಿ ಅಂತಾರ. ಗಮನ ನಿಲ್ಲಿಸೋದು ಆಕಿ ಕೈಯಾಗಿಲ್ಲ" ಎಂದರು ಡಾಕ್ಟರಮ್ಮ. ಅವಳನ್ನು ಬಡಿದದ್ದೆಲ್ಲ ನೆನಪಾಗಿ ನಾನು ಅಲ್ಲೇ ಕಣ್ಣೀರು ಹಾಕಿದೆ.

ಡಾಕ್ಟರಮ್ಮ ನಮ್ಮ ಮನೆಯವರನ್ನು ಕೇಳಿದರು: "ಯಾರರ ಮಾತಾಡುವಾಗ ನಡುವ—"

"ಬಾಯಿ ಹಾಕ್ತಾಳ್ರಿ!"

"ಕೆಲಸ ಹಿಡಿದ್ರ—"

"ಮುಗಿಸಂಗಿಲ್ರಿ! ತಡೀರಿ, ಬಸ್ ಬಂತೇನು ನೋಡಿ ಬರ್ತೀನಿ" ಎಂದು ಎದ್ದೇ ಹೋದರು.

ಡಾಕ್ಟರಮ್ಮ ಖಾಲಿ ಕುರ್ಚಿ ನೋಡಿ, "ಮುಂದಿನ ಸಲ ಅವರದೂ ಒಂದು ಚೀಟಿ ಮಾಡಸ್ರಿ" ಅಂದರು.

೪. ಗಂಡಿನವರು

ದಿನಾ ಗುಳಿಗೆ, ಇಪ್ಪತ್ತು ನಿಮಿಷ ಓದು, ಐದು ನಿಮಿಷ ಓಟ. ಮೊದಮೊದಲು ಊಟ ಸೇರದೆ ಸೊರಗಿದಳು. ಡಾಕ್ಟರಮ್ಮ ಪ್ರಮಾಣ ಬದಲಿಸಿದ ಮೇಲೆ ಸರಿಹೋಯಿತು. ಹತ್ತನೇ ತರಗತಿಯ ನಡುವಿಗೆ ಹಾಳೆ ತುಂಬ ಬರೆದು ಬರತೊಡಗಿದಳು.

ಅಷ್ಟರಲ್ಲಿ ಮನೆಯವರು ಗದ್ವಾಲಿನಿಂದ ಗಂಡಿನವರನ್ನು ಕರೆಸಿಯೇ ಬಿಟ್ಟರು. ಇವಳು ಮೊದಲಿನಂತೆ ಎದ್ದು ಓಡಿದರೆ ಅವರೇ ಬೇಡವೆಂದಾರು ಎಂಬುದೊಂದೇ ನನ್ನ ಆಸೆ. ಅವತ್ತೇ ಅವಳು ಚಾಪೆಯ ಮೇಲೆ ಅಲುಗಾಡದೆ ಕೂತಳು. ಆ ಗುಳಿಗೆಯನ್ನು ಮೊದಲ ಸಲ ಶಪಿಸಿದೆ.

"ಭಾಳ ಶಾಂತ ಹುಡುಗಿ. ನಮಗ ಒಪ್ಪಿಗಿ ಐತ್ರಿ" ಎಂದರು ಗಂಡಿನ ಸೋದರಮಾವ.

ಮಗಳು ತಲೆ ಎತ್ತಿದಳು. "ಮಾವಾರ, ಸೋಮವಾರ ನನ್ನ ಪರೀಕ್ಷೆ ಐತ್ರಿ. ಒಂದು ಕೆಲಸ ಮುಗಿಸದ ಇನ್ನೊಂದು ಹಿಡೀಬ್ಯಾಡ ಅಂತ ಡಾಕ್ಟರಮ್ಮ ಹೇಳ್ಯಾರ. ಹತ್ತನೇತ್ತಿ ಆದಮ್ಯಾಲ ಇಂಟರು, ಆಮ್ಯಾಲ ಡಿಗ್ರಿ. ಅಲ್ಲೀತನಕ ಕುಂದರ್ತೀರೇನ್ರಿ? ಚಹಾ ತರ್ಲೇನು?"

ಬಂದವರು ಮನೆಯವರ ಮುಖ ನೋಡಿದರು. ಮನೆಯವರು ಮಗಳನ್ನೇ ನೋಡುತ್ತಿದ್ದರು. ಅವಳು ಒಂದು ಮಾತನ್ನು ಶುರುವಿನಿಂದ ಕೊನೆಯವರೆಗೆ ಆಡಿ ಮುಗಿಸಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಎದ್ದು ನಿಂತು ಬಂದವರಿಗೆ ಕೈ ಮುಗಿದರು.

"ತಪ್ಪು ತಿಳೀಬ್ಯಾಡ್ರಿ. ಗುಳಿಗಿ ಕೆಲಸ ಮಾಡೈತ್ರಿ. ಇನ್ನ ಈಕಿನ್ನ ಶಾಲಿಯಿಂದ ಎಬ್ಬಸಾಕ ನಮ್ಮ ಕೈಲೆ ಆಗಂಗಿಲ್ಲ!"