ಕಂಟ್ರಿ ಬಿಟ್ಟ ಗುರುಪ್ರಸಾದ್

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ, 'ಸಿನಿಮಾ' ಅನ್ನುವ ಒಂದೇ ಒಂದು ಪದ ಬಿಟ್ಟುಹೋದದ್ದು.

ಅಮೆರಿಕದ ಬಾಥೆಲ್ ಊರಿನ ಗುರುಪ್ರಸಾದ್ ಶನಿವಾರ ಬೆಳಗಿನ ಆಟಕ್ಕೆ ಒಬ್ಬನೇ ಹೋಗಿ ಇಂಗ್ಲಿಷ್ ಸಿನಿಮಾ ನೋಡಿದ. ಕುಡಿತದಿಂದ ಹಾಳಾದ ಕಂಟ್ರಿ ಗಾಯಕನೊಬ್ಬ ಚಟ ಬಿಟ್ಟು ಮತ್ತೆ ವೇದಿಕೆ ಹತ್ತುವ ಕತೆ. ಗುರುಪ್ರಸಾದ್ ಕರವಸ್ತ್ರ ಸಾಲದೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ಅಳದೆ ಏನು ಮಾಡಿಯಾನು? ಮೂರು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿಯಲ್ಲಿ ಭಾವಗೀತೆ ಹಾಡಲು ಹೋಗಿ, ಶ್ರುತಿ ತಪ್ಪಿ, ಎರಡನೆಯ ಚರಣ ಮರೆತು, ಮೊದಲನೆಯದನ್ನೇ ನಾಲ್ಕು ಸಲ ಹಾಡಿ ಕೆಳಗಿಳಿದಿದ್ದ. ಆಮೇಲೆ ಸಂಘ ಅವನಿಗೆ ಕುರ್ಚಿ ಜೋಡಿಸುವ ಕೆಲಸ ಕೊಟ್ಟಿತೇ ಹೊರತು ಮೈಕು ಕೊಡಲಿಲ್ಲ. ಮದ್ದೂರಿನಿಂದ ಬಂದಿರುವ ಅವ್ವನ ಎದುರಿಗೆ ಒಂದೇ ಒಂದು ಸಲ ಸರಿಯಾಗಿ ಹಾಡಬೇಕು ಎಂಬುದು ಅವನ ಆಸೆ.

ಕಾರಿನಲ್ಲಿ ಕೂತು ಸಂಘದ ವಾಟ್ಸಾಪ್ ಗುಂಪಿಗೆ ಬರೆದ: "ಕಂಟ್ರಿ ಇಷ್ಟು ಹಿಡಿಸುತ್ತೆ ಅಂತ ಗೊತ್ತಿರ್ಲಿಲ್ಲ. ಕುಡಿದು ಕುಡಿದು ಹಾಡು ಕೆಟ್ಟು, ಎಲ್ಲರೆದುರು ಮಾನ ಹೋಗಿ, ಕೊನೆಗೆ ಬಿಟ್ಟು ಮತ್ತೆ ಹಾಡೋಕೆ ನಿಂತಾಗ ಅಳು ತಡೆಯೋಕಾಗ್ಲಿಲ್ಲ."

ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು, ಸರಿ. ಆದರೆ ಸಂಘದ ಮುಕ್ಕಾಲು ಪಾಲು ಜನ ಮಂಡ್ಯ, ಮೈಸೂರಿನ ಕಡೆಯವರು. ಅವರಿಗೆ ಕಂಟ್ರಿ ಅಂದರೆ ಸಾರಾಯಿ.

ಅವನು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಅಶ್ವತ್ಥ ಒಂದು ಚೀಲ ನಿಂಬೆಹಣ್ಣು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಗುರು, ಈ ದೇಶದಲ್ಲಿ ಕಂಟ್ರಿ ಎಲ್ಲಿ ಸಿಗುತ್ತೋ? ಬೇಡ, ಹೇಳ್ಬೇಡ. ಬಿಟ್ಟಿದೀಯಲ್ಲ, ಅಷ್ಟು ಸಾಕು."

"ನಾನೇನು ಬಿಟ್ಟಿದೀನಿ?"

"ಅಯ್ಯೋ, ಇನ್ನೂ ಬಿಟ್ಟಿಲ್ವಾ!"

ಫೋನ್ ನೋಡಿದರೆ ನಲವತ್ತಮೂರು ಮೆಸೇಜು. ಅರ್ಧ ಬರೀ ಕೈಮುಗಿದ ಚಿತ್ರಗಳು, ಉಳಿದರ್ಧ ಮನೆಮದ್ದು. ವಿಷಯ ಅರ್ಥವಾಗಿ, ಸಮಜಾಯಿಷಿ ಬರೆಯಲು ಕೂತ. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ರುಕ್ಮಿಣಿಯವರ ಕಾಲ್ ಬಂತು.

"ಗುರುಪ್ರಸಾದ್ ಅವರೇ, ಅವತ್ತು ಯಾಕೆ ಹಾಗೆ ಹಾಡಿದ್ರಿ ಅಂತ ಈಗ ಗೊತ್ತಾಯ್ತು. ಪಾಪ, ನಾವೇ ತಪ್ಪು ತಿಳ್ಕೊಂಡಿದ್ವಿ. ಇವತ್ತು ಸಂಜೆ ಪ್ರೋಗ್ರಾಂನಲ್ಲಿ ನಿಮಗೆ ಹತ್ತು ನಿಮಿಷ ಇಟ್ಟಿದೀವಿ. ಹಾಡ್ತೀರಲ್ಲ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಗುರುಪ್ರಸಾದ್ ಅದನ್ನು ಹಾಗೇ ನುಂಗಿಕೊಂಡ.

"ಹಾಡ್ತೀನಿ ಮೇಡಂ."

ಮಧ್ಯಾಹ್ನವೆಲ್ಲ ಎರಡನೆಯ ಚರಣ ಉರು ಹೊಡೆದ. ಈ ಸಲ ಒಂದಕ್ಷರ ತಪ್ಪಲಿಲ್ಲ.

ಸಂಜೆ ಪಕ್ಕದೂರು ಕೆನ್ಮೋರ್‌ನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವ್ವ ಜವರಮ್ಮ. ಅವರಿಗೆ ವಾಟ್ಸಾಪ್ ಗೊತ್ತಿಲ್ಲ, ಮಗ ಹಾಡುತ್ತಾನೆ ಎಂಬುದಷ್ಟೇ ಗೊತ್ತು.

ರುಕ್ಮಿಣಿ ಮೈಕಿನಲ್ಲಿ ಗದ್ಗದಿತರಾದರು. "ಕುಡಿತ ಗೆದ್ದು ಮತ್ತೆ ಹಾಡೋಕೆ ಬಂದಿರೋ ನಮ್ಮ ಗುರುಪ್ರಸಾದ್!"

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೂತಿದ್ದವರು ಜವರಮ್ಮ ಒಬ್ಬರೇ. ಸೆರಗು ಬಾಯಿಗೆ ಹೋಗಿತ್ತು.

"ನನ್ ಮಗ ಕುಡುಕ್ನಾ? ಅಯ್ಯೋ ಸಿವ್ನೆ!"

ವೇದಿಕೆಯ ಮೇಲೆ ಮೈಕು ಹಿಡಿದಿದ್ದ ಗುರುಪ್ರಸಾದ್ ಅವ್ವನ ಕಡೆ ತಿರುಗಿದ. ಬಾಯಿಗೆ ಬಂದಿದ್ದ ಪಲ್ಲವಿ ಅಲ್ಲೇ ನಿಂತಿತು.

"ಅಳ್ಬೇಡ ಅವ್ವಾ. ಕಂಟ್ರಿ ಅಂದ್ರೆ ಸಾರಾಯಿ ಅಲ್ಲ, ಒಂಥರಾ ಹಾಡು. ಕುಡಿದಿದ್ದು ಸಿನಿಮಾದವನು. ನಾನು ಇವತ್ತಿನವರೆಗೂ ಒಂದು ತೊಟ್ಟೂ ಮುಟ್ಟಿಲ್ಲ."

ರುಕ್ಮಿಣಿ ಹತ್ತಿರ ಬಂದರು.

"ಅಂದ್ರೆ, ಅವತ್ತೂ ಕುಡಿದಿರ್ಲಿಲ್ವಾ?"

"ದೇವರಾಣೆಗೂ ಇಲ್ಲ ಮೇಡಂ."

"ಕುಡೀದೇನೇ ಹಾಗೆ ಹಾಡಿದ್ರಾ?"

ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ರುಕ್ಮಿಣಿ ಅವನ ಕೈಯಿಂದ ಮೈಕನ್ನು ಮೆಲ್ಲನೆ ಬಿಡಿಸಿಕೊಂಡರು. "ಈಗ ಪುಟಾಣಿಗಳಿಂದ ಕೋಲಾಟ."

ಗುರುಪ್ರಸಾದ್ ಇಳಿದು ಬಂದು ಅವ್ವನ ಪಕ್ಕ ಕೂತ. ಜವರಮ್ಮ ಕಣ್ಣೊರೆಸಿಕೊಂಡು ಅವನ ಬೆನ್ನು ಸವರಿದರು.

"ಕುಡ್ದಿಲ್ವಲ್ಲ, ಅಷ್ಟೇ ಸಾಕು ಕನ್ ಮಗ."

ಕೋಲಾಟ ಅರ್ಧ ಮುಗಿದಿತ್ತು. ಅವ್ವ ಅವನ ಕಿವಿಯ ಹತ್ತಿರ ಬಗ್ಗಿದರು.

"ಆದ್ರೂ, ಹಾಡ್ ಮುಗುಸ್ಬುಟ್ಟು ನಿಜ ಹೇಳ್ಬೋದಾಗಿತ್ತಲ್ಲ?"