ಬಸಲಿಂಗ ಮುತ್ಯಾನ ಹೆಂಡತಿಯ ಹೆಸರು

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಅವೆರಡರ ತಂಟೆಗೆ ನಾನು ಎಂದೂ ಹೋದವನಲ್ಲ. ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತ ತಾಲೂಕಿನಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಋಷಿಗಳು ನೀರಿನ ಅನುಕೂಲ ನೋಡಿಯೇ ಕೂರುವವರಾದ್ದರಿಂದ ಅವರೂ ಇತ್ತ ಸುಳಿದಂತಿಲ್ಲ. ಆದರೆ ಸ್ವಂತ ಮನೆತನದ ಮೂಲ ಹುಡುಕಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೆಂದಲ್ಲ. ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದವನಿಗೆ ಕಿವಿಗಿಂತ ಬಾಯಿ ಚುರುಕಾಗಿರುತ್ತದೆ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಬಿಟ್ಟುಕೊಂಡ ಇರುವೆ ಎಲ್ಲೆಲ್ಲಿ ಕಚ್ಚಿತೆಂದರೆ, ಈ ಸುಗ್ಗಿಯಲ್ಲಿ ನನ್ನ ಹೆಂಡತಿ ಮಹಾದೇವಿ ಬಿ.ಪಿ. ಮಾತ್ರೆ ಕೈಯಲ್ಲಿ ಹಿಡಿದು ಎರಡು ದಿನ ನನ್ನ ಹಿಂದೆ ಮುಂದೆ ಸುಳಿದಾಡಿದಳು.

ನಮ್ಮ ತಿಕೋಂಡಿಯ ಹೊಲಕ್ಕೆ ಮೊದಲ ನೇಗಿಲು ಹೂಡಿದವನು ನಮ್ಮ ಮುತ್ಯಾನ ಮುತ್ಯಾ, ಎಂದರೆ ಅಜ್ಜನ ಅಜ್ಜ, ಬಸಲಿಂಗಪ್ಪ. ಇದು ನಾನು ಹೇಳುತ್ತ ಬಂದ ಕಥೆ. ಆತ ಭೀಮಾ ನದಿಯ ಆಚೆಯಿಂದ ಒಂದು ಜೋಡಿ ಎತ್ತು ಹೊಡೆದುಕೊಂಡು ಒಬ್ಬನೇ ಬಂದ, ಜಾಲಿ ಕಡಿದ, ಕಲ್ಲು ಆರಿಸಿದ, ಒಡ್ಡು ಹಾಕಿದ, ಎತ್ತಿನ ಮೇಲೆ ಬಿದ್ದ ತೋಳವನ್ನು ಬಾರುಕೋಲಿನಿಂದಲೇ ಹೊಡೆದು ಕೊಂದ. ಈ ತೋಳ ಕಥೆಯಲ್ಲಿ ಮೊದಲಿನಿಂದ ಇತ್ತೋ, ಯಾವುದೋ ಆಗಸ್ಟ್ ಹದಿನೈದರ ಭಾಷಣದಲ್ಲಿ ನಾನೇ ತಂದು ಬಿಟ್ಟೆನೋ ಈಗ ನೆನಪಿಲ್ಲ. ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ ಅಷ್ಟೆ. ಮಾಡಗ್ಯಾಳದ ಶಾಲೆಗೆ ವರ್ಗವಾಗಿ ಹೋದಾಗ, ಅಲ್ಲಿ ಕುರಿ ಕಾಯುವವರ ಮಕ್ಕಳೇ ಹೆಚ್ಚು, ಒಂದು ತೋಳಕ್ಕೆ ಅವರು ಕಣ್ಣೂ ಮಿಟುಕಿಸಲಿಲ್ಲ. ಆದ್ದರಿಂದ ಅಲ್ಲಿ ಎರಡು ತೋಳಗಳಾದವು. ಮದುವೆಯ ಊಟದ ಪಂಕ್ತಿಯಲ್ಲಿ, ಸತ್ತವರ ಮನೆಯ ಕಟ್ಟೆಯ ಮೇಲೆ, ಎಲ್ಲೆಂದರಲ್ಲಿ ನಾನು ಬಸಲಿಂಗ ಮುತ್ಯಾನನ್ನು ಕರೆತಂದು ನಿಲ್ಲಿಸುತ್ತಿದ್ದೆ. ಕೇಳಿ ಕೇಳಿ ಬೇಸತ್ತ ನಮ್ಮ ಸಹಶಿಕ್ಷಕರು ನಾನು ಎದ್ದು ನಿಂತರೆ ಸಾಕು, "ಬಂತಪಾ ಎತ್ತಿನ ಜೋಡಿ" ಎಂದು ತಂಬಾಕು ತಿಕ್ಕಲು ಹೊರಗೆ ಹೋಗುತ್ತಿದ್ದರು.

ಹೋದ ವರ್ಷ ನಮ್ಮ ಅಪ್ಪ ತೀರಿಕೊಂಡರು. ನಲವತ್ತು ವರ್ಷ ಅವರೊಬ್ಬರ ಹೆಸರಿದ್ದ ಹೊಲದ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಊರ ಲೆಕ್ಕಪತ್ರ ನೋಡುವ ತಲಾಠಿ ಸಾಹೇಬರು ವಾರಸುದಾರರನ್ನು ಏರಿಸಿದರು. ಕಾಯದೆಯ ಪ್ರಕಾರ ಎರಡು ಹೆಸರು ಬಂದವು. ಒಂದು ನನ್ನದು, ಇನ್ನೊಂದು ಬೆಳುಂಕಿಗೆ ಕೊಟ್ಟ ನಮ್ಮ ಅಕ್ಕ ಶಾಂತವ್ವನದು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಒಂದು ಪದ್ಧತಿಯಿದೆ. ಅಕ್ಕತಂಗಿಯರು ಜತ್ತದ ಕಚೇರಿಗೆ ಬಂದು, 'ನನ್ನ ಹಕ್ಕನ್ನು ಖುಷಿಯಿಂದ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇನೆ' ಎಂದು ಹಕ್ಕಸೋಡ ಪತ್ರಕ್ಕೆ ಸಹಿ ಮಾಡುವುದು. ತಮ್ಮ ಒಂದು ಸೀರೆ ಉಡಿಸಿ, ಹೋಳಿಗೆ ಊಟ ಹಾಕಿ ಕಳಿಸುವುದು. ಎಲ್ಲರ ಮನೆಯಲ್ಲೂ ನಡೆದದ್ದು. ನಮ್ಮ ಅಕ್ಕನೂ ಇಲ್ಲವೆನ್ನಲಿಲ್ಲ. ಹೇಳಿದ ದಿನ ಆಧಾರ್ ಕಾರ್ಡು, ಚಸಮಾ, ಎರಡೂ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಬಂದಳು. ಸೀರೆ ತಂದಿಟ್ಟಿದ್ದೆ. ಹೋಳಿಗೆಯ ಹೂರಣ ಒಲೆಯ ಮೇಲಿತ್ತು.

ಸುಮ್ಮನೆ ಗಾಡಿ ಹತ್ತಿಸಿಕೊಂಡು ಹೋಗಿದ್ದರೆ ಹನ್ನೊಂದು ಗಂಟೆಗೆ ಕೆಲಸ ಮುಗಿಯುತ್ತಿತ್ತು. ಆದರೆ ಚಹಾ ಕುಡಿಯುವಷ್ಟು ಹೊತ್ತು ಸಿಕ್ಕಿತಲ್ಲ, ಬಾಯಿ ತೆರೆದೆ. "ಅಕ್ಕಾ, ನೀ ಮನಸಿಗಿ ಹಚ್ಚಿಕೋಬ್ಯಾಡ. ಈ ಹೊಲ ಬಸಲಿಂಗ ಮುತ್ಯಾ ಕಟ್ಟಿದ್ದು. ಗಂಡಮಕ್ಕಳ ಸಾಲಿನ್ಯಾಗ ಹರಕೋಂತ ಬಂದೈತಿ. ಅದಕ್ಕ ಹೇಳ್ತೀನಿ" ಎಂದು ಶುರುಮಾಡಿ ಎತ್ತು, ಜಾಲಿ, ಒಡ್ಡು ಎಲ್ಲ ಮುಗಿಸಿ ತೋಳಕ್ಕೆ ಬಂದೆ. ಅಕ್ಕ ಬಟ್ಟಲು ಕೆಳಗಿಟ್ಟಳು.

"ಅಲ್ಲೋ ತಮ್ಮಾ, ಆ ಮುತ್ಯಾಗ ಹೆಂಡತಿ ಇದ್ದಳಿಲ್ಲೋ?"

"ಇದ್ದಳಲ್ಲ ಮತ್ತ."

"ಆಕಿ ಹೆಸರೇನು?"

ನನಗೆ ತೋಳದ ಬಣ್ಣ ಗೊತ್ತಿತ್ತು. ಎಡಗಡೆಯ ಎತ್ತಿನ ಹೆಸರು ಗೊತ್ತಿತ್ತು. ಅದನ್ನೂ ನಾನೇ ಇಟ್ಟಿರಬೇಕು. ನಮ್ಮೆಲ್ಲರನ್ನೂ ಹೆತ್ತ ಆ ಹೆಣ್ಣುಮಗಳ ಹೆಸರು ಮಾತ್ರ ಗೊತ್ತಿರಲಿಲ್ಲ. ಅಕ್ಕ ಸಿಟ್ಟಾಗಲಿಲ್ಲ. "ಉತಾರದಾಗ ನನ್ನ ಹೆಸರ ಬಂದೈತಿ ಅಂತ ಮೊಮ್ಮಗಳು ಮೊಬೈಲಿನ್ಯಾಗ ತೋರಿಸಿದ್ಲು. ಮೂರ ಸಲ ಓದಿಸಿದ್ನಿ. ಈ ಮನಿ ಕಾಗದದ ಮ್ಯಾಲ ನನ್ನ ಹೆಸರ ಬಂದಿದ್ದು ಅದ ಮೊದಲು. ಇವತ್ತ ಹೋಗಿ ಅಳಿಸಿ ಬರ್ತೀನಿ, ಬ್ಯಾಡನ್ನಂಗಿಲ್ಲ. ಆದ್ರ ನನಗಿಂತ ಮುಂಚೆ ಅಳಿಸಿ ಹೋದಾಕಿ ಯಾರು ಅಂತ ತಿಳಕೊಂಡ ಅಳಿಸ್ತೀನಿ. ಹೆಸರ ಹುಡುಕಿ ಇಡು. ಸಿಕ್ಕ ದಿನ ಬಂದು ಸಹಿ ಮಾಡ್ತೀನಿ" ಎಂದು ಹೋಳಿಗೆ ಉಂಡು, ಸೀರೆ ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

ಒಂದು ಹೆಸರು ತಾನೆ, ನಾಲ್ಕು ದಿನದ ಕೆಲಸ ಎಂದುಕೊಂಡೆ. ಹಳೆಯ ಉತಾರ ತೆಗೆಸಿದೆ, ಅದರ ಹಿಂದಿನ ಫೇರಫಾರು ತೆಗೆಸಿದೆ. ಹೊಲ ಯಾರಿಂದ ಯಾರಿಗೆ ಬಂತು ಎಂದು ಬರೆದಿಡುವ ಆ ಪುಸ್ತಕದಲ್ಲಿ ಅಪ್ಪ, ಮುತ್ಯಾ, ಮುತ್ಯಾನ ಅಪ್ಪ, ಎಲ್ಲ ಗಂಡಸರು ಸಾಲಾಗಿ ನಿಂತಿದ್ದರು. ಹೆಂಗಸರು ಎಲ್ಲೋ ಒಂದೆರಡು ಕಡೆ 'ಇಂಥವನ ವಿಧವೆ' ಎಂದು ಬಂದಿದ್ದರು, ಅದೂ ಗಂಡ ಸತ್ತ ಪುಣ್ಯದಿಂದ. ಜತ್ತ ಸಂಸ್ಥಾನವಾಗಿದ್ದ ಕಾಲದ ದಫ್ತರವೊಂದನ್ನು ಹಳೆಯ ಮರಾಠಿಯ ಮೋಡಿ ಲಿಪಿ ಓದಬಲ್ಲ ವೃದ್ಧರೊಬ್ಬರ ಮುಂದೆ ಇಟ್ಟೆ. ಅವರು ಭೂತಗನ್ನಡಿ ಹಿಡಿದು ಅರ್ಧ ತಾಸು ನೋಡಿ, "ಮಾಸ್ತರ, ಇದರಾಗ ನಿಮ್ಮ ಊರಿನ ಎಮ್ಮಿಗಳ ಲೆಕ್ಕ ಐತಿ. ಹೆಣ್ಣಮಕ್ಕಳದು ಇಲ್ಲ" ಎಂದರು. ಊರ ಹಿರಿಯರನ್ನು ಕೇಳಿದೆ. ಎಲ್ಲರೂ ಬಸಲಿಂಗ ಮುತ್ಯಾನ ಕಥೆಯನ್ನು ತೋಳದ ಸಮೇತ ನನಗೇ ತಿರುಗಿ ಹೇಳಿದರು. ನಾನು ಬಿತ್ತಿದ್ದನ್ನೇ ನಾನು ಕೊಯ್ಯುತ್ತ ಮೂರು ತಿಂಗಳು ಕಳೆದೆ.

ಕೊನೆಗೆ ಮಹಾದೇವಿಯೇ ನೆನಪಿಸಿದಳು. "ಹೆಳವರು ಬರೂ ವರ್ಷ ಅಲ್ಲೇನ್ರಿ ಇದು?" ಹೆಳವರೆಂದರೆ ನಮ್ಮ ಕಡೆಯ ಒಕ್ಕಲು ಮನೆತನಗಳ ವಂಶಾವಳಿ ಇಟ್ಟವರು. ಕೆಲವು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಬಂದು, ತಲೆತಲಾಂತರದ ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳ ತೆಗೆದುಕೊಂಡು ಹೋಗುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟರ್‌ಸೈಕಲ್ಲಿನ ಮೇಲೆ. ಅವರು ಬಂದಾಗಲೆಲ್ಲ ಅಪ್ಪನೇ ಕೂತು ಕೇಳುತ್ತಿದ್ದರು. ಕಲಿತವನೆಂಬ ಜಂಬದಿಂದ ನಾನು ಆ ಹೊತ್ತಿಗೆ ಪೇಪರು ಓದುತ್ತಿದ್ದೆ.

ಹೆಳವರ ಯಲ್ಲಪ್ಪ ಬರುವ ದಿನ ಗೊತ್ತುಮಾಡಿಕೊಂಡು ಅಕ್ಕನನ್ನು ಕರೆಸಿದೆ. ಕರೆಸಿದ್ದು ಸಾಲದೆಂದು ಎದುರು ಮನೆಯವರನ್ನೂ, ತಂಬಾಕಿನ ಸಹಶಿಕ್ಷಕರನ್ನೂ ಕರೆದೆ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಯಲ್ಲಪ್ಪ ಬಟ್ಟೆಯ ಗಂಟು ಬಿಚ್ಚಿ, ವಂಶಾವಳಿ ಬರೆದಿಟ್ಟ ಉದ್ದನೆಯ ಚೋಪಡಿ ತೆಗೆದು, ಬಸಲಿಂಗಪ್ಪನ ಮಕ್ಕಳಿಂದ ಓದತೊಡಗಿದ. ನಾನು ಕೈ ಎತ್ತಿ ತಡೆದೆ. "ಹಂಗಲ್ಲ ಯಲ್ಲಪ್ಪಾ. ಮ್ಯಾಲಿಂದ ಓದ್ರಿ."

ಆತ ನನ್ನ ಮುಖ ನೋಡಿದ. "ಮ್ಯಾಲಿಂದ ಅಂದ್ರ, ಪೂರ್ತಿ ಓದ್ಲೇನ್ರಿ?"

"ಪೂರ್ತಿ."

"ಇಷ್ಟ ಮಂದಿ ಕುಂತಾರ, ಓದ್ಲೇನ್ರಿ ಮಾಸ್ತರ?"

ದೇವರು ಮನುಷ್ಯನಿಗೆ ಎರಡು ಸಲ ಅವಕಾಶ ಕೊಡುತ್ತಾನೆ. ನಾನು ಎರಡನೆಯದನ್ನೂ ಒದ್ದೆ. "ಒಂದಕ್ಷರ ಬಿಡಬ್ಯಾಡ್ರಿ!" ಎಂದು ಸಹಶಿಕ್ಷಕರ ಕಡೆ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದೆ.

ಯಲ್ಲಪ್ಪ ಎರಡು ಹಾಳೆ ಹಿಂದಕ್ಕೆ ತಿರುವಿ ರಾಗ ಎಳೆದು ಓದಿದ. ಈ ನೆಲಕ್ಕೆ ನೇಗಿಲು ಹೂಡಿದ ಮನೆತನ ಕಲ್ಲಪ್ಪನದು. ಕಲ್ಲಪ್ಪನಿಗೆ ಗಂಡುಸಂತಾನವಿಲ್ಲ. ಒಬ್ಬಳೇ ಮಗಳು ಗಂಗವ್ವ. ತಂದೆ ಸತ್ತ ಮೇಲೆ ಗಂಗವ್ವ ತಾನೇ ನೇಗಿಲು ಹಿಡಿದಳು, ತಾನೇ ಒಡ್ಡು ಹಾಕಿಸಿದಳು. ಭೀಮಾ ದಂಡೆಯಿಂದ ಹೊಟ್ಟೆಪಾಡಿಗೆ ಬಂದ ಬಸಲಿಂಗನನ್ನು ಆಳಾಗಿ ಇಟ್ಟುಕೊಂಡಳು. ಆಳು ನಂಬಿಗಸ್ತ, ಆದರೆ ಎತ್ತಿಗೆ ಅಂಜುತ್ತಿದ್ದ. ನೇಗಿಲು ಹಿಡಿಯಲು ಗಂಗವ್ವನೇ ಕಲಿಸಿದಳು. ಮುಂದೆ ಆತನನ್ನೇ ಮದುವೆಯಾಗಿ ಮನೆ ಅಳಿಯನನ್ನಾಗಿ ಇಟ್ಟುಕೊಂಡಳು.

ಹೆಸರು ತಪ್ಪಿರಬಹುದು, ಬೇರೆ ಯಾರದೋ ಮನೆಯ ಹಾಳೆ ಇರಬಹುದು ಎಂಬ ಆಸೆ ಒಂದು ಗಳಿಗೆ ಇತ್ತು. ಆದರೆ 'ಎತ್ತಿಗೆ ಅಂಜುತ್ತಿದ್ದ' ಎಂಬಲ್ಲಿ ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ಕಂಡೆ. ಹೊರಗಿನವರಿಗೆ ಗೊತ್ತಿಲ್ಲದ ಮಾತು. ನಾನು ಎತ್ತಿನ ಕೊಟ್ಟಿಗೆಗೆ ಕಾಲಿಟ್ಟವನಲ್ಲ. ಮೇವು ಹಾಕುವುದಾದರೆ ಗೋಡೆಯ ಈಚೆಯಿಂದ ಎಸೆಯುತ್ತೇನೆ. ಇದು ನಮ್ಮದೇ ಹಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

"ಈ ಸಂಗತಿ ಇಷ್ಟ ವರ್ಷ ಯಾಕ ಓದಲಿಲ್ಲ?" ಎಂದು ಕೇಳಿದೆ.

"ನಿಮ್ಮ ಮುತ್ಯಾನ ಕಾಲದಿಂದ ಪದ್ಧತಿ ಹಂಗೈತ್ರಿ. ಮ್ಯಾಲಿನ ಹಾಳಿ ಓದಬಾರದು ಅಂತ ಒಂದ ಚೀಲ ಜ್ವಾಳ ಹೆಚ್ಚಿಗಿ ಕೊಡ್ತಿದ್ರು. ನಿಮ್ಮ ಅಪ್ಪಾರೂ ಕೊಟ್ರು" ಎಂದ ಯಲ್ಲಪ್ಪ. ಆಮೇಲೆ ಸಮಾಧಾನ ಮಾಡುವವನಂತೆ, "ನಾವರೆ ಬಸಲಿಂಗಪ್ಪನ ಮನಿಗೆ ಬರಾವರಲ್ಲರಿ. ಅವನ ವಂಶದ ಚೋಪಡಿ ಭೀಮಾ ದಂಡಿ ಹೆಳವರ ಕಡೆ ಇರ್ತೈತಿ. ನಾವು ಬರೂದು ಗಂಗವ್ವನ ಮನಿಗೆ" ಎಂದ. ಸಹಶಿಕ್ಷಕರು ತಂಬಾಕು ತಿಕ್ಕುವುದನ್ನು ಮರೆತಿದ್ದರು. ತೋಳದ ವಿಷಯ ಚೋಪಡಿಯಲ್ಲಿ ಇದೆಯೇ ಎಂದು ಅವರು ಕೇಳಿದ ಧಾಟಿ ನನಗೆ ಸರಿಬರಲಿಲ್ಲ.

ಅಕ್ಕ ಮಾತ್ರ ನಗಲಿಲ್ಲ. "ಗಂಗವ್ವ" ಎಂದು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದು ಚೀಲ ಕೈಗೆ ತೆಗೆದುಕೊಂಡಳು. "ನಡಿ ತಮ್ಮಾ, ಜತ್ತಕ್ಕ ಹೋಗೂಣು. ಹೆಸರ ಸಿಕ್ತು. ಮಾತು ಅಂದ್ರ ಮಾತು, ಸಹಿ ಮಾಡ್ತೀನಿ. ಲಗೂನ ನಡಿ, ಬಸ್ ಹೋಗ್ತೈತಿ."

ಗಂಗವ್ವನ ಕಥೆಗಿಂತ ನನಗೆ ಇದು ಹೆಚ್ಚು ಆಘಾತ. ಆಕೆ ಜಗಳ ತೆಗೆದಿದ್ದರೆ ನನಗೆ ಕಾಯದೆಯ ನಾಲ್ಕು ಮಾತು ಸಿದ್ಧವಿದ್ದವು. ಹೀಗೆ ಒಳ್ಳೆಯತನದಿಂದ ಹೊಡೆದರೆ ಏನು ಮಾಡುವುದು? ಅಲ್ಲೇ ಬೇಡವೆಂದೆ, ಪತ್ರ ಹರಿದೆಸೆದೆ ಎಂದು ಬರೆಯಲು ನನಗೂ ಆಸೆ. ನಿಜ ಹೇಳಬೇಕೆಂದರೆ ನಾನು ಚಪ್ಪಲಿ ಹುಡುಕತೊಡಗಿದ್ದೆ.

ಆಗ ಯಲ್ಲಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. "ಈ ಸಲದ್ದು ಬರಕೊಂಡ ಬಿಡ್ತೀನ್ರಿ. ಮಾಸ್ತರ, ನಿಮಗ ಗಂಡಮಕ್ಕಳೆಷ್ಟು?"

ಓದುಗರಿಗೆ ನಾನು ಇದೊಂದನ್ನು ಹೇಳಿರಲಿಲ್ಲ. ಮರೆತೆ ಎಂದರೆ ಸುಳ್ಳಾದೀತು. ನನಗೆ ಗಂಡುಮಕ್ಕಳಿಲ್ಲ. ಇರುವವಳು ಒಬ್ಬಳೇ ಮಗಳು, ಪೂರ್ಣಿಮಾ, ಮಿರಜದಲ್ಲಿ ನರ್ಸಾಗಿದ್ದಾಳೆ. ಹೊಲ ಇಡಿಯಾಗಿ ಅವಳಿಗೇ ಹೋಗಲಿ ಎಂದೇ ನಾನು ಅಕ್ಕನ ಸಹಿಗಾಗಿ ಇಷ್ಟು ಒದ್ದಾಡಿದ್ದು.

"ಇಲ್ಲ. ಒಬ್ಬಾಕಿ ಮಗಳು" ಎಂದೆ.

"ಹಂಗಾರ ಇಲ್ಲಿಗಿ ಗೆರಿ ಎಳೀತೀನ್ರಿ. ಗಂಡಮಕ್ಕಳಿಲ್ಲದ ಮನಿ ಅಲ್ಲಿಗಿ ಮುಗೀತು ಅಂತ ಬರಿಯೂದು ನಮ್ಮ ರಿವಾಜು" ಎಂದು ಆತ ನನ್ನ ಹೆಸರಿನ ಕೆಳಗೆ ಪೆನ್ನು ಊರಿದ.

ಬದುಕಿದ್ದ ಹಾಗೆಯೇ ನನ್ನನ್ನು ಮುಗಿಸುತ್ತಿದ್ದಾನೆ! ಚಪ್ಪಲಿ ಅಲ್ಲೇ ಬಿಟ್ಟು ಹಾರಿ ಬಂದು ಆತನ ಕೈ ಹಿಡಿದೆ. "ಏ ತಡೀರಿ ಯಲ್ಲಪ್ಪಾ! ಮುಗೀತು ಅಂದ್ರ ಹ್ಯಾಂಗ? ಮಗಳು ಮಗಳಲ್ಲೇನು? ಗಂಗವ್ವಂದು ಬರದೀರಲ್ಲ, ಹಂಗ ನನ್ನ ಮಗಳದೂ ಬರೀರಿ. ಪೂರ್ಣಿಮಾ ಅಂತ ಬರೀರಿ. ದೊಡ್ಡ ಅಕ್ಷರದಾಗ ಬರೀರಿ!"

ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು, ಚೀಲ ಕಂಕುಳಲ್ಲಿತ್ತು. ಮೆತ್ತಗೆ ಕೇಳಿದಳು: "ಮಗಳದ ಬರಸ್ತಿ. ಅಕ್ಕಂದ ಅಳಸ್ತಿ. ಹೌದಲ್ಲೋ ತಮ್ಮಾ?"

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರ ಬರದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅಂದು ಬೆಂಚು ಹತ್ತುವ ಸರದಿ ನನ್ನದು. ನಾಚಿಕೆಯಾಯಿತು, ಮುಖ ಎತ್ತದಷ್ಟು ನಾಚಿಕೆಯಾಯಿತು. "ಬಸ್ ಹೋಗ್ಲಿ ಬಿಡಕ್ಕಾ. ಇವತ್ತ ಇಲ್ಲೇ ಇರು" ಎಂದೆ. ಅಷ್ಟು ಹೇಳಲಿಕ್ಕೇ ನನಗೆ ಒಂದು ತಂಬಿಗೆ ನೀರು ಬೇಕಾಯಿತು. ಅಕ್ಕ ಒಳಗೆ ಬಂದಳು. ಉತಾರದಲ್ಲಿ ಎರಡು ಹೆಸರು ಹಾಗೇ ಉಳಿದವು.

ಈಗ ಈ ಪ್ರಸಂಗವನ್ನು ನಾನು ಸಭೆ ಸಮಾರಂಭಗಳಲ್ಲಿ ಹೇಳುತ್ತೇನೆ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಮಾತಾಡಲು ಆಚೆ ಈಚೆ ಊರುಗಳಿಂದ ಕರೆಯೂ ಬರುತ್ತಿದೆ. ನಾನಾಗಿಯೇ ಹೆಳವರನ್ನು ಕರೆಸಿದೆ, ನಾನಾಗಿಯೇ ಗಂಗವ್ವನ ಹೆಸರು ಹೊರಗೆ ತಂದೆ, ತುಂಬಿದ ಸಭೆಯಲ್ಲಿ ಹಕ್ಕಸೋಡ ಪತ್ರವನ್ನು ಪರಪರನೆ ಹರಿದೆ ಎನ್ನುವಾಗ ಚಪ್ಪಾಳೆ ಚೆನ್ನಾಗಿ ಬೀಳುತ್ತದೆ. ಮಾತು ಶುರುಮಾಡುವ ಮೊದಲು ಒಂದು ಎಚ್ಚರಿಕೆ ಮಾತ್ರ ವಹಿಸುತ್ತೇನೆ. ಹೆಣ್ಣುಮಕ್ಕಳ ಸಾಲಿನಲ್ಲಿ ಅಕ್ಕ ಎಲ್ಲಿಯಾದರೂ ಬಂದು ಕೂತಿದ್ದಾಳೆಯೇ ಎಂದು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿಕೊಳ್ಳುತ್ತೇನೆ.